ಸೈಪ್ರಸ್‌ನಲ್ಲಿ ಇನ್ನೂ ಯಾಕೆ ಶಾಂತಿಪಾಲನಾ ಪಡೆ?

ನಾನು ಅಂತರರಾಷ್ಟ್ರೀಯ ವಿಷಯ ಬರೆಯುವವನು ಎಂದು ಗೊತ್ತಾದರೆ ಸಾಕು, ಯಾರಾದರೂ ಕೇಳೇ ಕೇಳುತ್ತಾರೆ: "ವಿಶ್ವಸಂಸ್ಥೆಯ ಪಡೆ 1964ರಿಂದ ಸೈಪ್ರಸ್‌ನಲ್ಲಿ ಕೂತಿದೆ. ಗ್ರೀಕ್ ಸೈಪ್ರಿಯಟ್ಟರ ಮತ್ತು ಟರ್ಕಿಶ್ ಸೈಪ್ರಿಯಟ್ಟರ ಜಗಳವಂತೂ ಬಗೆಹರಿದಿಲ್ಲ. ಮುಚ್ಚಿಬಿಡಬಾರದೇ?"

ಭದ್ರತಾ ಮಂಡಳಿ ಮೊದಲು ಕೊಟ್ಟಿದ್ದ ಅವಧಿ ಮೂರೇ ತಿಂಗಳು. ಅದರ ದಂಡನಾಯಕರಾಗಿದ್ದ ನಮ್ಮ ಜನರಲ್ ತಿಮ್ಮಯ್ಯ 1965ರಲ್ಲಿ ಅಲ್ಲೇ ತೀರಿಕೊಂಡರು. ಪಡೆ ಮಾತ್ರ ಇನ್ನೂ ಇದೆ. ಕೇಳುವವರ ಬೇಸರ ಸುಳ್ಳಲ್ಲ.

ಆದರೂ ನನ್ನ ಉತ್ತರ: ಬೇಡ, ಮುಚ್ಚಬಾರದು.

1974ರಲ್ಲಿ ಗ್ರೀಸ್‌ನ ಸೇನಾಡಳಿತದ ಕುಮ್ಮಕ್ಕಿನಿಂದ ಸೈಪ್ರಸ್ ಸರ್ಕಾರದ ವಿರುದ್ಧ ದಂಗೆಯಾಯಿತು, ಐದೇ ದಿನಕ್ಕೆ ಟರ್ಕಿಯ ಸೈನ್ಯ ಬಂದಿಳಿಯಿತು. ಅದನ್ನು ತಡೆಯಲು ಈ ಪಡೆಯಿಂದ ಆಗಲಿಲ್ಲ. ಅಂಥ ಬಲವನ್ನು ಯಾರೂ ಅದಕ್ಕೆ ಕೊಟ್ಟೂ ಇರಲಿಲ್ಲ. ಅಂದಿನಿಂದ ಅದರ ಕೆಲಸ, ಟರ್ಕಿಶ್ ಸೈಪ್ರಿಯಟ್ಟರ ಉತ್ತರಕ್ಕೂ ಗ್ರೀಕ್ ಸೈಪ್ರಿಯಟ್ಟರ ದಕ್ಷಿಣಕ್ಕೂ ನಡುವಿನ ಸುಮಾರು 180 ಕಿಲೋಮೀಟರ್ ಉದ್ದದ ತಟಸ್ಥ ವಲಯವನ್ನು ಕಾಯುವುದು. ರಾಜಧಾನಿ ನಿಕೋಸಿಯಾದ ಹಳೆಯ ಭಾಗದಲ್ಲಿ ಆ ವಲಯ ಕೆಲವೇ ಮೀಟರ್ ಅಗಲ. ಒಂದು ಕಡೆಯವರು ಹೊಸ ಕ್ಯಾಮೆರಾ ಹಾಕಿದರೆ ಇನ್ನೊಂದು ಕಡೆಯವರು ಕಾವಲು ಗೂಡು ಕಟ್ಟುತ್ತಾರೆ. ವಲಯದೊಳಗೆ ಉಳುವ ರೈತನಿಗೆ ಪರವಾನಗಿ ಕೊಡುವವರೂ ಈ ಪಡೆಯವರೇ. ಎರಡೂ ಸಮುದಾಯದವರಿರುವ ಪೈಲಾ ಎಂಬ ಹಳ್ಳಿಯ ಬಳಿ 2023ರಲ್ಲಿ ಒಂದು ರಸ್ತೆಯ ವಿಚಾರಕ್ಕೆ ಶಾಂತಿಪಾಲಕರೇ ಪೆಟ್ಟು ತಿಂದರು. ಇಂಥ ಕಿಡಿಗಳನ್ನು ಹೊಸಕಿ ಹಾಕುವ ಕೆಲಸ ಸುದ್ದಿಯಾಗುವುದಿಲ್ಲ.

"ಇವರಿದ್ದಾರೆಂಬ ನೆಮ್ಮದಿಯಲ್ಲೇ ನಾಯಕರು ರಾಜಿ ಮುಂದೂಡುತ್ತಾರೆ" ಎನ್ನುವವರೂ ಇದ್ದಾರೆ. ಅರ್ಧ ನಿಜ. ಆದರೆ ದ್ವೀಪವನ್ನು ಒಂದುಗೂಡಿಸುವ 2004ರ ಅನ್ನಾನ್ ಯೋಜನೆಯನ್ನು ತಿರಸ್ಕರಿಸಿದ್ದು ಸೈನಿಕರಲ್ಲ, ಗ್ರೀಕ್ ಸೈಪ್ರಿಯಟ್ ಮತದಾರರು. ಟರ್ಕಿಶ್ ಸೈಪ್ರಿಯಟ್ ಮತದಾರರು ಒಪ್ಪಿದ್ದರು. ಇನ್ನು "ರಾಜಿಯಾಗಿ, ಇಲ್ಲವಾದರೆ ಹೊರಡುತ್ತೇವೆ" ಎಂಬ ಬೆದರಿಕೆ? ಉತ್ತರದಲ್ಲಿ ಟರ್ಕಿಯ ಸಾವಿರಾರು ಸೈನಿಕರಿದ್ದಾರೆ. ಪಡೆ ಹೊರಟರೆ ಎರಡೂ ಕಡೆಗೆ ಒಂದೇ ತೂಕದ ಭಯ ಹುಟ್ಟದು. 1967ರಲ್ಲಿ ಈಜಿಪ್ಟ್ ಅಧ್ಯಕ್ಷ ನಾಸೆರ್ ಹೇಳಿದರೆಂದು ಸಿನಾಯ್‌ನಿಂದ ವಿಶ್ವಸಂಸ್ಥೆ ಪಡೆ ಕಾಲ್ತೆಗೆಯಿತು. ಕೆಲವೇ ವಾರಗಳಲ್ಲಿ ಇಸ್ರೇಲ್ ಜೊತೆ ಯುದ್ಧ.

ದುಡ್ಡಿನ ವಾದ ನನಗೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಖರ್ಚಿನ ಮೂರನೇ ಒಂದು ಪಾಲನ್ನು ಸೈಪ್ರಸ್ ಸರ್ಕಾರವೇ ಕೊಡುತ್ತದೆ, ಗ್ರೀಸ್ ಕೂಡ ವರ್ಷಕ್ಕೆ 65 ಲಕ್ಷ ಡಾಲರ್ ಸೇರಿಸುತ್ತದೆ.

ಬದಲಾಗಬೇಕಾದದ್ದು ಪಡೆಯ ರೂಪ. ಬಂದೂಕು ಹಿಡಿದವರು ಕಡಿಮೆಯಾಗಲಿ. ಪೊಲೀಸರು, ಎರಡೂ ಭಾಷೆ ಬಲ್ಲ ಸಂಧಾನಕಾರರು ಹೆಚ್ಚಲಿ. ಪಡೆ ಇರಲು ತಮ್ಮ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ ಎಂಬ ಟರ್ಕಿಶ್ ಸೈಪ್ರಿಯಟ್ಟರ ದೂರಿಗೂ ಒಂದು ದಾರಿ ಹುಡುಕಬೇಕು. ಅದು ಸುಲಭವಲ್ಲ: ಹಾಗೆ ಕೇಳಿದರೆ ಅವರ ಆಡಳಿತಕ್ಕೆ ಮಾನ್ಯತೆ ಕೊಟ್ಟಂತಾಗುತ್ತದೆ ಎಂದು ದಕ್ಷಿಣದವರು ಸಿಡಿಯುತ್ತಾರೆ.