ತಾಮ್ರದ ಮಾದರಿ ಬಾಯ್ಲರ್: ಹೈಡ್ರೋ ಟೆಸ್ಟ್ ಹಂತ

ಪುಣೆಯ ಭೋಸರಿಯಲ್ಲಿ ಗೆಳೆಯರೊಬ್ಬರ ವರ್ಕ್‌ಶಾಪಿನ ಮೂಲೆಯಲ್ಲಿ ಪುಟ್ಟ ಹಬೆ ಎಂಜಿನ್ನಿಗೆಂದು ಕಟ್ಟುತ್ತಿರುವ ಎರಡು ಲೀಟರಿನ ಬಾಯ್ಲರ್‌ಗೆ ಈ ವಾರ ಹೈಡ್ರೋ ಟೆಸ್ಟ್, ಅಂದರೆ ನೀರು ತುಂಬಿ ಒತ್ತಡ ಹಾಕಿ ನೋಡುವ ಪರೀಕ್ಷೆ, ಮುಗಿಯಿತು. ಶೆಲ್, ಅಂದರೆ ಹೊರಕವಚ, 108 ಮಿ.ಮೀ. ಹೊರವ್ಯಾಸದ, 2.5 ಮಿ.ಮೀ. ದಪ್ಪದ ತಾಮ್ರದ ಪೈಪು. ತುದಿಯ ತಟ್ಟೆಗಳ ಅಂಚನ್ನು ಕಸಬಾ ಪೇಠೆಯ ತಾಂಬಟ ಆಳಿಯಲ್ಲಿ (ತಾಮ್ರಗಾರರ ಓಣಿ) ಬಡಿದು ಮಡಿಸಿಕೊಟ್ಟರು. ಬೆಸುಗೆಯೆಲ್ಲ ಸಿಲ್ವರ್ ಬ್ರೇಜಿಂಗ್, ಅಂದರೆ ಬೆಳ್ಳಿ ಬೆರೆತ ಲೋಹ ಕರಗಿಸಿ ಹಾಕಿದ ಬೆಸುಗೆ.

ಎಂಜಿನ್ನಿಗೆ ಬೇಕಾದದ್ದು 4 ಬಾರ್. ಇದು ವರ್ಕಿಂಗ್ ಪ್ರೆಷರ್. ಆದರೆ ಲೆಕ್ಕವನ್ನು 4ಕ್ಕೇ ನಿಲ್ಲಿಸುವಂತಿಲ್ಲ. ಎಂಜಿನ್ ದಿಢೀರನೆ ನಿಂತರೆ ಒತ್ತಡ ಏರುತ್ತದೆ. ಒತ್ತಡ ಮಿತಿ ಮೀರಿದರೆ ತಾನೇ ತೆರೆದು ಹಬೆ ಬಿಡುವ ಸೇಫ್ಟಿ ವಾಲ್ವು ತೆರೆಯುವ ಅಂಕಿಗೆ ತೀರ ಹತ್ತಿರದಲ್ಲೇ ಸದಾ ಓಡಿಸಿದರೆ ಅದು ಸೋರತೊಡಗಿ ಸೀಟು ಹಾಳಾಗುತ್ತದೆ. ಆದ್ದರಿಂದ ಡಿಸೈನ್ ಪ್ರೆಷರ್ 5 ಬಾರ್ ಎಂದು ಹಿಡಿದು, ವಾಲ್ವನ್ನು ಅದನ್ನು ಮೀರದಂತೆ 4.8ಕ್ಕೆ ಕೂರಿಸುವುದೆಂದು ನಿರ್ಧರಿಸಿದೆ. 5 ಬಾರಿನ ಹಬೆಯ ಉಷ್ಣತೆ ಸುಮಾರು 159 ಡಿಗ್ರಿ. ಆ ಬಿಸಿಯಲ್ಲಿ ಮೆತ್ತಗಾದ ತಾಮ್ರಕ್ಕೆ 28 ಮೆಗಾಪಾಸ್ಕಲ್‌ನಷ್ಟೇ ಸ್ಟ್ರೆಸ್ ಕೊಟ್ಟರೂ ಶೆಲ್ಲಿಗೆ 1 ಮಿ.ಮೀ. ದಪ್ಪ ಸಾಕು. ನಿಜವಾದ ಚಿಂತೆ ಚಪ್ಪಟೆ ತಟ್ಟೆಗಳದ್ದು, ಅದಕ್ಕೇ ಒಳಗೆ ಅವು ಉಬ್ಬದಂತೆ ಎಳೆದು ಹಿಡಿಯುವ ಸ್ಟೇ ರಾಡುಗಳಿವೆ.

ಟೆಸ್ಟ್ ಪ್ರೆಷರ್ ಎಷ್ಟಿರಬೇಕೆಂಬುದರ ಮೇಲೆಯೇ ಹೆಚ್ಚು ಹೊತ್ತು ಹೋಯಿತು. ಮಾದರಿ ಬಾಯ್ಲರ್ ಕಟ್ಟುವವರ ರೂಢಿಯಂತೆ ಹೊಸದಕ್ಕೆ ವರ್ಕಿಂಗ್ ಪ್ರೆಷರಿನ ಎರಡರಷ್ಟು, ಅಂದರೆ 8 ಬಾರ್. ಎಎಸ್‌ಎಂಇ (ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ) ಸಂಹಿತೆಯ ಸೆಕ್ಷನ್ 8 ಉರಿ ತಾಗದ ಪಾತ್ರೆಗಳಿಗೆ ಬರೆದದ್ದಾದರೂ ಅದರ ತರ್ಕ ನನಗೆ ಹಿಡಿಸಿತು: ಡಿಸೈನ್ ಪ್ರೆಷರಿನ 1.3 ಪಟ್ಟು ತೆಗೆದುಕೊಂಡು, ತಣ್ಣಗಿರುವಾಗಿನ ಅನುಮತಿತ ಸ್ಟ್ರೆಸ್ಸನ್ನು ಬಿಸಿಯಾಗಿರುವಾಗಿನದರಿಂದ ಭಾಗಿಸಿ ಗುಣಿಸಬೇಕು. ತಣ್ಣೀರಿನಲ್ಲಿ ತಾಮ್ರ ಗಟ್ಟಿಯಾಗಿರುವುದರಿಂದ ಆ ಅನುಕೂಲವನ್ನು ಹೀಗೆ ಸರಿದೂಗಿಸದಿದ್ದರೆ ಪರೀಕ್ಷೆ ಸಲೀಸಾಗಿಬಿಡುತ್ತದೆ. ತಣ್ಣಗಿರುವಾಗಿನ 41 ಮೆಗಾಪಾಸ್ಕಲ್ಲಿಗೂ ಬಿಸಿಯಲ್ಲಿನ 28ಕ್ಕೂ ಇರುವ ಅನುಪಾತ ಸುಮಾರು 1.46, ಗುಣಿಸಿದರೆ 9.5 ಬಾರ್. ಎರಡರಲ್ಲಿ ದೊಡ್ಡದನ್ನೇ ಆರಿಸಿದೆ. ಗೇಜು 16 ಬಾರಿನದು. 10 ಬಾರಿನದಾಗಿದ್ದರೆ ಮುಳ್ಳು ಹೆಚ್ಚುಕಡಿಮೆ ಕೊನೆಯವರೆಗೆ ಹೋಗಿಬಿಡುತ್ತಿತ್ತು.

ಗಾಳಿ ತುಂಬಿ ಪರೀಕ್ಷಿಸುವ ಮಾತೇ ಇರಲಿಲ್ಲ. ಅಷ್ಟೇ ಒತ್ತಡದ ಎರಡು ಲೀಟರ್ ಗಾಳಿಯಲ್ಲಿ ಸುಮಾರು 2,500 ಜೂಲ್ ಶಕ್ತಿ ಅಡಗಿರುತ್ತದೆ, ನೀರಿನಲ್ಲಿ ಒಂದು ಜೂಲ್ ಕೂಡ ಇರುವುದಿಲ್ಲ. ಆದರೂ ಒಳಗೆ ಗಾಳಿ ಉಳಿಯದಂತೆ ಮೇಲಿನ ಪ್ಲಗ್ಗಿನಿಂದ ಗುಳ್ಳೆ ಬರುವುದು ನಿಲ್ಲುವವರೆಗೆ ನೀರು ತುಂಬಿಸಿದೆ. ಕೈಪಂಪಿನಿಂದ ನಿಧಾನವಾಗಿ 9.5ಕ್ಕೆ ಏರಿಸಿ ಹಿಡಿದು, 7.3ಕ್ಕೆ ಇಳಿಸಿದ ಮೇಲೆಯೇ ಕಣ್ಣನ್ನು ಹತ್ತಿರ ಒಯ್ದೆ. ನೀರಿನ ಮಟ್ಟ ತೋರಿಸುವ ವಾಟರ್ ಗೇಜನ್ನು ಕೂರಿಸುವ ಕೆಳಗಿನ ಬುಶ್ಶಿನಲ್ಲಿ ಸಾಸಿವೆ ಕಾಳಿನಷ್ಟು ಹನಿ ಕಂಡಿತು. ಒರೆಸಿದೆ, ಮತ್ತೆ ಬರಲಿಲ್ಲ. ಹಿಂದಿನ ತಟ್ಟೆಗೆ ಹಚ್ಚಿದ್ದ, ಬಾಗುವುದನ್ನು ಅಳೆಯುವ ಡಯಲ್ ಗೇಜು ಗರಿಷ್ಠ ಒತ್ತಡದಲ್ಲಿ 0.08 ಮಿ.ಮೀ. ತೋರಿಸಿ, ಒತ್ತಡ ಬಿಟ್ಟಾಗ ಸೊನ್ನೆಗೆ ಮರಳಿತು. ನನಗೆ ಬೇಕಾಗಿದ್ದ ಉತ್ತರ ಅದೇ: ತಟ್ಟೆ ಬಾಗಿತು, ಆದರೆ ಬಾಗಿಯೇ ಉಳಿಯಲಿಲ್ಲ.

ಪಕ್ಕದ ಲೇತಿನ ಹುಬ್ಬಳ್ಳಿಯ ಕಾಕಾ, “ಒಂಬತ್ತೂವರಿಗೆ ಏನೂ ಆಗ್ಲಿಲ್ಲಲ್ಲ, ಆರಕ್ಕ ಓಡಿಸಿದ್ರ ಏನಾಗ್ತದ?” ಎಂದು ಕೇಳಿದರು. “ಕಾಕಾ, ಅದು ತಣ್ಣೀರಾಗ, ಸ್ವಲ್ಪ ಹೊತ್ತು ಹಿಡಿದದ್ದು ರೀ. ಹಬೀ ಬಿಸಿ, ದಿನಾ ಕಾದು ತಣ್ಣಗಾಗೂದು, ತುಕ್ಕು, ಇವೆಲ್ಲ ಅದರಾಗ ಇಲ್ಲ,” ಎಂದೆ. 9.5 ಬಾರ್ ತಡೆದದ್ದರಿಂದ 5 ಬಾರಿನ ಮಿತಿ ಕೂದಲೆಳೆಯಷ್ಟೂ ಮೇಲೇರುವುದಿಲ್ಲ.

ಮುಂದಿನದು ಸ್ಟೀಮ್ ಟೆಸ್ಟ್. ಬರ್ನರ್ ಪೂರ್ತಿ ಉರಿಸಿ, ಎಂಜಿನ್ನಿನ ದಾರಿ ಮುಚ್ಚಿ, ವಾಲ್ವೊಂದೇ ಹಬೆಯನ್ನು ಹೊರಬಿಡುವಾಗ ಒತ್ತಡ 5.5 ಬಾರ್ ದಾಟಬಾರದು. ದಾಟಿದರೆ ವಾಲ್ವಿನ ರಂಧ್ರವನ್ನು ದೊಡ್ಡದು ಮಾಡಬೇಕಾಗುತ್ತದೆ.