ಒಂದೇ ಫೈಲು, ನಾಲ್ಕು ರಾತ್ರಿ: ವಾಚ್ ಪ್ರಾಜೆಕ್ಟ್ ಎಲ್ಲಿಗೆ ಬಂತು

ಹೋದ ಸಲ ಬರೆದು ಏಳೆಂಟು ತಿಂಗಳಾಯ್ತು, ಅಷ್ಟರಲ್ಲಿ ಎರಡು ರೇಸ್ ಮುಗೀತು, ಕಾಲಿನ ಎರಡು ಉಗುರು ಹೋಯ್ತು, ಒಂದು ಚಾರ್ಜಿಂಗ್ ಕೇಬಲ್ಲೂ ಹೋಯ್ತು. ಹೊಸಬರಿಗೆ ಒಂದ್ಸಲ ಹೇಳ್ಬಿಡ್ತೀನಿ, ನನ್ನ ಪ್ರಾಜೆಕ್ಟ್ ಇಷ್ಟೇ: ಮೂರ್ನಾಲ್ಕು ದಿನ ನಡೆಯೋ ಅಲ್ಟ್ರಾ ರೇಸನ್ನ (ಮ್ಯಾರಥಾನಿಗಿಂತ ಉದ್ದದ ಓಟ) ಸ್ಟಾರ್ಟ್ ಲೈನಿಂದ ಫಿನಿಶ್ ಲೈನ್ ತನಕ ಒಂದೇ ಫೈಲಲ್ಲಿ, ಎಲ್ಲೂ ತುಂಡಾಗದ ಹಾಗೆ, ಜಿಪಿಎಸ್ ವಾಚಲ್ಲಿ ರೆಕಾರ್ಡ್ ಮಾಡೋದು. ಕೇಳೋಕೆ ಮಕ್ಕಳಾಟ. ಎರಡು ಸಲ ಪ್ರಯತ್ನ ಪಟ್ಟು ಒಂದು ಸಲ ಗೆದ್ದಿದೀನಿ, ಆ ಗೆದ್ದಿದ್ದೂ ಟ್ರ್ಯಾಕ್ ಮೇಲೆ ಗುಂಡಗೆ ಸುತ್ತಿದ್ದು ಮತ್ತೆ ಬರೀ ಎರಡು ದಿನದ್ದು, ಅದನ್ನ ಲೆಕ್ಕಕ್ಕೆ ಹಿಡೀಬಾರ್ದು ಅಂತ ನಮ್ಮ ಕ್ರೂ ಹುಡುಗ, ಅಂದ್ರೆ ರೇಸಲ್ಲಿ ನನ್ನ ಸಹಾಯಕ್ಕೆ ಬರೋನು, ಹೇಳ್ತಾನೆ, ಸರಿನೇ ಇರ್ಬೋದು.

48 ಗಂಟೆ ಟ್ರ್ಯಾಕ್

400 ಮೀಟರ್ ಟ್ರ್ಯಾಕ್, 48 ಗಂಟೆ. ಚಾರ್ಜ್ ಸಮಸ್ಯೆ ಇಲ್ವೇ ಇಲ್ಲ, ಪ್ರತಿ ಸುತ್ತಿಗೂ ನಮ್ಮ ಟೇಬಲ್ ಮುಂದೆನೇ ಹಾದು ಹೋಗ್ತೀವಿ. ಸಮಸ್ಯೆ ಬಂದಿದ್ದು ಲೆಕ್ಕದಲ್ಲಿ. ಸುತ್ತು ಎಣಿಸೋ ಚಿಪ್ ಪ್ರಕಾರ ನಾನು ಓಡಿದ್ದು 612 ಸುತ್ತು, ಅಂದ್ರೆ 244.8 ಕಿಮೀ. ವಾಚ್ ತೋರಿಸಿದ್ದು 253.4. ಎಂಟೂವರೆ ಕಿಮೀಗಿಂತ ಜಾಸ್ತಿ ಪುಕ್ಸಟ್ಟೆ ಬಂದಿದೆ, ಎಲ್ಲಿಂದ?

ಕೂತ್ಕೊಂಡು ಲೆಕ್ಕ ಹಾಕ್ದೆ. ಟ್ರ್ಯಾಕ್ ಅಳೆಯೋದು ಒಳಗಿನ ಅಂಚಿಂದ 30 ಸೆಂಟಿಮೀಟರ್ ಆಚೆ. ನಾವು ಅದೇ ಗೆರೆ ಮೇಲೆ ಓಡೋದಿಲ್ಲ, ಮುಂದೆ ಯಾರೋ ನಡೀತಿರ್ತಾರೆ, ಅವರನ್ನ ಬಳಸ್ಕೊಂಡು ಹೋಗ್ಬೇಕು. ಸರಾಸರಿ ಒಂದು ಮೀಟರ್ ಹೊರಗೆ ಓಡಿದೆ ಅಂದ್ಕೊಂಡ್ರೆ ಸುತ್ತಿಗೆ 6.28 ಮೀಟರ್ ಜಾಸ್ತಿ, 612 ಸುತ್ತಿಗೆ ಹೆಚ್ಚು ಕಡಿಮೆ 3.8 ಕಿಮೀ. ಅದು ಸುಳ್ಳಲ್ಲ, ನಿಜವಾಗ್ಲೂ ಓಡಿದ್ದೇ, ಆದ್ರೆ ಯಾರೂ ಕೊಡಲ್ಲ. ಇನ್ನು 1.9 ಕಿಮೀ ನಾನು ಟೆಂಟಲ್ಲಿ ಬಿದ್ಕೊಂಡು ಗೊರಕೆ ಹೊಡೀತಿದ್ದಾಗ ಆಗಿದ್ದು! ಮ್ಯಾಪ್ ಝೂಮ್ ಮಾಡಿದ್ರೆ ಟೆಂಟ್ ಇದ್ದ ಜಾಗದಲ್ಲಿ ಚಿಕ್ಕ ಮಗು ಕ್ರೇಯಾನ್ ಹಿಡ್ಕೊಂಡು ಗೀಚಿದ ಹಾಗೆ ಒಂದು ಮುದ್ದೆ. ನಿಂತಲ್ಲೇ ನಿಂತ್ರೂ ಪೊಸಿಷನ್ ಅಲ್ಲಾಡ್ತಾನೇ ಇರುತ್ತೆ, ವಾಚ್ ಅದನ್ನೆಲ್ಲ ದೂರ ಅಂತ ಕೂಡಿಸ್ಕೊಳುತ್ತೆ. ಉಳಿದ ಮೂರು ಕಿಮೀ ಹತ್ರ ಓಡುವಾಗಿನ ಅದೇ ಅಲ್ಲಾಟದ್ದಿರ್ಬೇಕು. ಗೆರೆ ಸ್ವಲ್ಪ ಎಡಕ್ಕೆ ಸ್ವಲ್ಪ ಬಲಕ್ಕೆ ತೂರಾಡಿದಾಗೆಲ್ಲ ಉದ್ದ ಬೆಳೆಯುತ್ತೇ ಹೊರತು ಕಮ್ಮಿ ಆಗಲ್ಲ.

ಇನ್ನೊಂದು ಮಾತು, ಈ ಥರ ರೇಸಲ್ಲಿ ವಾಚ್ ಏನು ತೋರಿಸಿದ್ರೂ ಅಧಿಕೃತ ಲೆಕ್ಕಕ್ಕೆ ಬೆಲೆ ಇಲ್ಲ, ಸುತ್ತು ಎಣಿಸಿದ್ದೇ ಲೆಕ್ಕ. 1888ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜಾರ್ಜ್ ಲಿಟಲ್‌ವುಡ್ ಅನ್ನೋ ಪುಣ್ಯಾತ್ಮ ಆರು ದಿನದಲ್ಲಿ 623 ಮುಕ್ಕಾಲು ಮೈಲಿ ಹೋಗಿದ್ದ, ಜನ ಕೂತು ಸುತ್ತು ಎಣಿಸಿದ್ರು, 1984ರಲ್ಲಿ ಗ್ರೀಸಿನ ಓಟಗಾರ ಯಾನಿಸ್ ಕೌರೋಸ್ ಮುರಿಯೋ ತನಕ 96 ವರ್ಷ ಆ ದಾಖಲೆ ಅಲ್ಲಾಡಲಿಲ್ಲ. ನನ್ನ ವಾಚ್ ಎರಡು ದಿನಕ್ಕೇ 8.6 ಕಿಮೀ ಅಲ್ಲಾಡಿದೆ.

ಬೆಟ್ಟದ ರೇಸ್, ತಯಾರಿ

ಇದು ನಿಜವಾದ ಪರೀಕ್ಷೆ, ನಾಲ್ಕು ರಾತ್ರಿ. ನನ್ನ ವಾಚ್ ಡ್ಯುಯಲ್ ಬ್ಯಾಂಡಲ್ಲಿ, ಅಂದ್ರೆ ಸ್ಯಾಟಲೈಟಿನ ಎಲ್1 ಎಲ್5 ಅನ್ನೋ ಎರಡೂ ಸಿಗ್ನಲ್ ತಗೊಂಡು ಸೆಕೆಂಡಿಗೊಂದು ಪಾಯಿಂಟ್ ಬರೀತಾ ಹೋದ್ರೆ, 30 ಗಂಟೆ ಚಿಲ್ಲರೆ ಬರುತ್ತೆ. ನೂರು ಗಂಟೆಗೆ ಮೂರು ಸಲನಾದ್ರೂ ಚಾರ್ಜ್ ಮಾಡ್ಲೇಬೇಕು. ಇಲ್ಲ ಅಂದ್ರೆ ಬ್ಯಾಟರಿ ಉಳಿಸೋ ಮೋಡ್ ಹಾಕ್ಬೇಕು, ಗಾರ್ಮಿನ್‌ನಲ್ಲಿ ಅಲ್ಟ್ರಾಟ್ರ್ಯಾಕ್ ಅಂತಿದ್ಯಲ್ಲ ಆ ಥರದ್ದು, ಜಿಪಿಎಸ್ ಆಗಾಗ ಆಫ್ ಮಾಡಿ ಮಧ್ಯದ್ದನ್ನ ಸೆನ್ಸರ್ ಮೇಲೆ ಅಂದಾಜು ಮಾಡೋದು.

ಆ ಮೋಡ್ ಬೆಟ್ಟಕ್ಕೆ ಬೇಡವೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಹತ್ತುವಾಗ ನಾವು ಗಂಟೆಗೆ ನಾಲ್ಕು ಕಿಮೀ ಹೋದ್ರೆ ದೊಡ್ಡದು, ನಿಮಿಷಕ್ಕೆ 67 ಮೀಟರ್ ಆಯ್ತು. ಹಾವಿನ ಥರ ಸುತ್ತೋ ದಾರಿಲಿ ಒಂದೊಂದು ತಿರುವಿನ ಮಧ್ಯ ಮೂವತ್ತು ನಲವತ್ತು ಮೀಟರ್ ಇರುತ್ತೆ, ನಿಮಿಷಕ್ಕೊಂದೇ ಪಾಯಿಂಟ್ ತಗೊಂಡ್ರೆ ಒಂದಿಡೀ ತಿರುವನ್ನೇ ವಾಚ್ ನುಂಗಿ ಹಾಕುತ್ತೆ, ಕೆಳಗಿಂದ ಮೇಲಕ್ಕೆ ಏಣಿ ಹಾಕಿದ ಹಾಗೆ ನೇರ ಗೆರೆ ಎಳೆಯುತ್ತೆ. ಟ್ರ್ಯಾಕಲ್ಲಿ ಜಾಸ್ತಿ ತೋರಿಸಿದ ವಾಚೇ ಇಲ್ಲಿ ಕಮ್ಮಿ ತೋರಿಸುತ್ತೆ. ದೂರ ಕಮ್ಮಿ ತೋರಿಸಿದ್ರೆ ತಲೆಕೆಡಿಸ್ಕೊಳಲ್ಲ, ಆದ್ರೆ ಮುಂದಿನ ಚೆಕ್‌ಪಾಯಿಂಟ್ ಎಷ್ಟು ದೂರ ಅನ್ನೋದೂ ಅದರ ಜೊತೆಗೇ ಹಾಳಾಗುತ್ತೆ, ನಾಲ್ಕನೇ ರಾತ್ರಿ ಎರಡೇ ಕಿಮೀ ಉಳಿದಿದ್ರೂ ಇನ್ನೂ ನಾಲ್ಕಿದೆ ಅಂತ ನಂಬ್ಕೊಂಡು ಹತ್ತೋದಿದ್ಯಲ್ಲ, ಅದು ನನ್ನ ಕೈಲಾಗಲ್ಲ. ಹಾಗಾಗಿ ಫುಲ್ ರೆಕಾರ್ಡಿಂಗ್, ಜೊತೆಗೆ ಪವರ್ ಬ್ಯಾಂಕ್. ತೂಕ ಹೊತ್ರೂ ಪರವಾಗಿಲ್ಲ.

ರೂಟ್ ಫೈಲನ್ನ ಒಂದೇ ಆಗಿ ಹಾಕಿದ್ರೆ ವಾಚ್ ಲೋಡ್ ಮಾಡೋಕೇ ಒದ್ದಾಡ್ತಿತ್ತು, ಪಾಯಿಂಟ್ ಕಮ್ಮಿ ಮಾಡಿದ್ರೆ ಮತ್ತೆ ಅದೇ ತಿರುವುಗಳು ಮಾಯ. ಚೆಕ್‌ಪಾಯಿಂಟಿಂದ ಚೆಕ್‌ಪಾಯಿಂಟಿಗೆ ಕತ್ತರಿಸಿ 1, 2, 3 ಅಂತ ಹೆಸರಿಟ್ಟೆ. ಇಟಲಿಯ ಟೋರ್ ದೆ ಜಿಯಾಂ ಥರದ ರೇಸಲ್ಲಿ, ಅದು 330 ಕಿಮೀ, 150 ಗಂಟೆ ಕಟ್‌ಆಫ್ (ಅಷ್ಟರೊಳಗೆ ಮುಗಿಸ್ಬೇಕು), ಊಟ ನಿದ್ದೆಗೆ ನಿಲ್ಲೋ ದೊಡ್ಡ ಬೇಸ್‌ಗಳ ಮಧ್ಯ ಏಳು ಭಾಗ ಹೇಗೂ ಇರುತ್ತೆ, ಅಲ್ಲಿ ಹೋಗೋರಿಗೂ ಇದೇ ಸುಲಭ. ಅಮೆರಿಕದ ಬಾರ್ಕ್ಲಿ ಮ್ಯಾರಥಾನ್ಸ್‌ನಲ್ಲಂತೂ ಜಿಪಿಎಸ್ ವಾಚೇ ಕಟ್ಟಂಗಿಲ್ಲ, ಮ್ಯಾಪು ಕಂಪಾಸು ಅಷ್ಟೇ, ಅಲ್ಲಿ ನನ್ನ ಪ್ರಾಜೆಕ್ಟ್ ಸ್ಟಾರ್ಟ್ ಲೈನಲ್ಲೇ ಮುಗೀತಿತ್ತು.

ರೇಸ್

ಮೊದಲ ರಾತ್ರಿ ಏನೂ ಆಗಲಿಲ್ಲ.

ಎರಡನೇ ರಾತ್ರಿ ಗುಡಿಸಲಲ್ಲಿ ಎರಡು ಗಂಟೆ ಮಲಗ್ದೆ. ಟೆಂಟಿನ ಗೀಚಾಟ ನೆನಪಿತ್ತಲ್ಲ, ಜಾಣತನ ಮಾಡೋಕೆ ಹೋಗಿ ವಾಚನ್ನ ಪಾಝ್ ಮಾಡಿ, ಅಂದ್ರೆ ರೆಕಾರ್ಡಿಂಗ್ ಸ್ವಲ್ಪ ಹೊತ್ತು ನಿಲ್ಲಿಸಿ, ಮಲಗ್ದೆ. ಎದ್ದೆ, ಶೂ ಹಾಕ್ದೆ, ಹೊರಟೆ. ಏಳು ಕಿಮೀ ಆದ್ಮೇಲೆ ಟೈಮ್ ನೋಡೋಣ ಅಂತ ನೋಡಿದ್ರೆ ಸ್ಕ್ರೀನ್ ಮೇಲೆ ಇನ್ನೂ ಪಾಝ್ ಅಂತಾನೇ ಇದೆ. ಹೊಟ್ಟೆ ಉರಿದೋಯ್ತು. ಮ್ಯಾಪಲ್ಲಿ ಈಗ್ಲೂ ನೋಡ್ಬೋದು, ಗುಡಿಸಲಿಂದ ಎದುರು ಗುಡ್ಡದ ತನಕ ಹದ್ದು ಹಾರಿದ ಹಾಗೆ ಒಂದು ನೇರ ಗೆರೆ, ಮಧ್ಯ ಒಂದು ಕಣಿವೆನೇ ದಾಟಿದೆ. ಫೈಲ್ ಒಂದೇ ಆಗಿತ್ತು ಅಂತ ಸಮಾಧಾನ ಮಾಡ್ಕೊಂಡೆ.

ಅದೇ ಗುಡಿಸಲಲ್ಲಿ ಇನ್ನೊಂದು ತಮಾಷೆ. ಮಲಗುವಾಗ ತೋರಿಸ್ತಿದ್ದ ಎತ್ತರಕ್ಕೂ ಎದ್ದಾಗಿನ ಎತ್ತರಕ್ಕೂ 38 ಮೀಟರ್ ವ್ಯತ್ಯಾಸ, ಮಲಗಿದ್ದಲ್ಲೇ ಹತ್ತಿಬಿಟ್ಟಿದೀನಿ. ಹೊರಗೆ ಮಳೆ ಶುರುವಾಗಿತ್ತು. ವಾಚ್ ಎತ್ತರ ಅಳೆಯೋದು ಗಾಳಿಯ ಒತ್ತಡ ನೋಡ್ಕೊಂಡು, ಒತ್ತಡ ಇಳಿದ್ರೆ ಮೇಲೆ ಹತ್ತಿದಾನೆ ಅಂದ್ಕೊಳುತ್ತೆ. ಸಮುದ್ರ ಮಟ್ಟದಲ್ಲಿ ಒತ್ತಡ 1 ಹೆಕ್ಟೋಪಾಸ್ಕಲ್ (ಒತ್ತಡದ ಅಳತೆ) ಇಳಿದ್ರೆ ಸುಮಾರು 8 ಮೀಟರ್, ಎತ್ತರದ ಜಾಗದಲ್ಲಿ ಇನ್ನೂ ಜಾಸ್ತಿ. ಇದಾದ್ಮೇಲೆ ನಾನು ಎತ್ತರನೂ ನೋಡ್ತೀನಿ, ಮಳೆ ಮುನ್ಸೂಚನೆಗೆ. ಎದ್ದಾಗ ಬೆಟ್ಟ ಬೆಳೆದಿದ್ರೆ ಜಾಕೆಟ್ ಮೇಲಿಟ್ಕೊಳೋದು.

ಮೂರನೇ ರಾತ್ರಿ. ಚೆಕ್‌ಪಾಯಿಂಟಿಗೆ ಬಂದಾಗ ವಾಚ್ 19 ಪರ್ಸೆಂಟ್. ಈ ಸಲ ಪಾಝ್ ಮಾಡಲಿಲ್ಲ, ಪವರ್ ಬ್ಯಾಂಕಿಗೆ ಸಿಗಿಸಿ ತಲೆ ಪಕ್ಕ ಇಟ್ಟೆ, ಚಾರ್ಜಿಂಗ್ ಚಿಹ್ನೆ ಬಂತು, ಕಣ್ಣಾರೆ ನೋಡ್ದೆ, ಮಲಗ್ದೆ. ತೊಂಬತ್ತು ನಿಮಿಷ ಆದ್ಮೇಲೆ ಎದ್ದು ನೋಡಿದ್ರೆ 22. ಕೇಬಲ್ ಸರಿಯಾಗೇ ಕೂತಿದೆ, ಪವರ್ ಬ್ಯಾಂಕಲ್ಲಿ ನಾಲ್ಕೂ ಲೈಟ್ ಉರೀತಿದೆ, ಆದ್ರೂ ಇಲ್ಲ. ದೇವರು ವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಅದೇ ಕಥೆ. ಆ ಹೊತ್ತಲ್ಲಿ ಯಾಕೆ ಅಂತ ಯೋಚನೆ ಮಾಡೋ ತಲೆ ನಂದಾಗಿರಲಿಲ್ಲ, ಇನ್ನೊಂದ್ಸಲ ಸಿಗಿಸಿ ವೆಸ್ಟಿನ (ಓಡುವಾಗ ಹಾಕ್ಕೊಳೋ ಜೇಬಿನ ಬ್ಯಾಗು) ಜೇಬಲ್ಲಿ ಹಾಕ್ಕೊಂಡು ನಡೆದೆ, ಎರಡು ನಿಮಿಷಕ್ಕೆ ಪವರ್ ಬ್ಯಾಂಕ್ ಮತ್ತೆ ಆಫ್ ಆಗಿರ್ಬೇಕು, ನಾನು ನೋಡ್ಲೇ ಇಲ್ಲ. ಚಳಿ ಬೇರೆ, ಚಳಿಗೆ ಬ್ಯಾಟರಿ ಇನ್ನೂ ಬೇಗ ಇಳಿಯುತ್ತೆ. ಬೆಳಗಿನ ಜಾವ 3:40ಕ್ಕೆ ಬೆಟ್ಟದ ನೆತ್ತಿ ಮೇಲೆ ಜೇಬಿಂದ ತೆಗೆದ್ರೆ ಸ್ಕ್ರೀನ್ ಕಪ್ಪು.

ಅಷ್ಟಾದ್ರೂ ಕೆಟ್ಟಿರಲಿಲ್ಲ! ಮುಂದಿನ ಚೆಕ್‌ಪಾಯಿಂಟಲ್ಲಿ ಕ್ರೂ ಹುಡುಗನ ಲ್ಯಾಪ್‌ಟಾಪಿಗೆ ಸಿಗಿಸಿದ್ವಿ, ವಾಚ್ ಎದ್ದು ಕೂತು ಕೇಳ್ತು, ಹಳೇ ರೆಕಾರ್ಡಿಂಗ್ ಮುಂದುವರಿಸ್ಲಾ, ಸೇವ್ ಮಾಡ್ಲಾ? ನನ್ನ ಬೆರಳು ಊದ್ಕೊಂಡು ಬದನೆಕಾಯಿ ಥರ ಆಗಿತ್ತು, ಕಣ್ಣು ಮಂಜು, ಸೇವ್ ಒತ್ತಿದೆ. ವಾಚ್ ಪಾಪ ಇನ್ನೊಂದ್ಸಲ ಕೇಳ್ತು, ಖಂಡಿತಾನಾ? ಹೂಂ ಅಂತ ಒತ್ತಿದೆ. ಪಕ್ಕದಲ್ಲಿದ್ದವನು "ಲೋ ಲೋ ಲೋ" ಅನ್ನೋದ್ರಲ್ಲಿ ಮುಗೀತು. ಎರಡು ಫೈಲು. ಕಂಪ್ಯೂಟರಲ್ಲಿ ಎರಡನ್ನೂ ಜೋಡಿಸ್ಬೋದು, ಗೊತ್ತು, ಆದ್ರೆ ಹೊಲಿಗೆ ಹಾಕಿದ್ದು ನನಗೆ ಬೇಡ.

ರೇಸ್ ಮುಗಿಸ್ದೆ, ಕಟ್‌ಆಫ್‌ಗೆ ಎರಡು ಗಂಟೆ ಮುಂಚೆ. ಅದರ ಬಗ್ಗೆ ಬೇರೆ ಯಾವಾಗಾದ್ರೂ.

ಮನೇಲಿ ಪೋಸ್ಟ್‌ಮಾರ್ಟಮ್

ಪವರ್ ಬ್ಯಾಂಕ್ ಕೆಟ್ಟಿರಲಿಲ್ಲ. ಅದಕ್ಕೆ ಒಂದು ಅಭ್ಯಾಸ ಇದೆ, ಹೊರಗೆ ಹೋಗ್ತಿರೋ ಕರೆಂಟ್ ತೀರಾ ಕಮ್ಮಿ ಇದ್ರೆ, ಏನೂ ಸಿಗಿಸಿಲ್ಲ ಅಂತ ತಿಳ್ಕೊಂಡು ತಾನೇ ಆಫ್ ಆಗೋದು. ಫೋನ್ ಬಕೆಟ್ಟಲ್ಲಿ ನೀರು ಕುಡಿದ್ರೆ ವಾಚ್ ಚಮಚದಲ್ಲಿ ಕುಡಿಯುತ್ತೆ, ಬ್ಯಾಂಕಿಗೆ ಅದು ಗೊತ್ತೇ ಆಗಲ್ಲ. ಮನೇಲಿ ಟೇಬಲ್ ಮೇಲಿಟ್ಟು ನೋಡ್ದೆ: ಮೊದಲ ಸಲ ಆರು ನಿಮಿಷಕ್ಕೆ ಆಫ್, ಎರಡನೇ ಸಲ ಮೂರು ನಿಮಿಷಕ್ಕೆ. ಬಟನ್ ಎರಡು ಸಲ ಒತ್ತಿದ್ರೆ ಕಮ್ಮಿ ಕರೆಂಟಿನ ಮೋಡ್ ಇದೆ ಅಂತ ಡಬ್ಬದೊಳಗಿನ ಕಾಗದದಲ್ಲಿ ಇರುವೆ ಸೈಜಲ್ಲಿ ಬರೆದಿದ್ದಾರೆ, ಹಾಕಿದೆ, ಎರಡು ಗಂಟೆ ನಿಲ್ತು, ಆಮೇಲೆ ಅದೂ ಆಫ್. ಸದ್ಯಕ್ಕೆ ಚೆನ್ನಾಗಿ ಕೆಲಸ ಮಾಡ್ತಿರೋ ಉಪಾಯ ಅಂದ್ರೆ ಪಕ್ಕದ ಪೋರ್ಟಿಗೆ ಹೆಡ್‌ಲ್ಯಾಂಪ್ ಬ್ಯಾಟರಿನೂ ಜೊತೆಗೆ ಸಿಗಿಸೋದು, ಅದು ಜೋರಾಗಿ ಎಳ್ಕೊಳೋದ್ರಿಂದ ಬ್ಯಾಂಕ್ ಎಚ್ಚರ ಇರುತ್ತೆ, ವಾಚ್ ಅದರ ನೆರಳಲ್ಲಿ ಚಾರ್ಜ್ ಆಗುತ್ತೆ. ನಾಲ್ಕು ಸಲ ಪರೀಕ್ಷೆ ಮಾಡ್ದೆ, ನಾಲ್ಕೂ ಸಲ ಪಾಸ್.

ವಾಚಿನ ಹಿಂದಿನ ಪಿನ್ ಮೇಲೆ ಬೆವರಿನ ಉಪ್ಪು ಹಸಿರು ಕಟ್ಟಿತ್ತು, ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿದೆ, ಈಗ ಅದೇ ಬ್ರಷ್ಷಿನ ಹಿಡಿ ಮುರಿದು ಡ್ರಾಪ್ ಬ್ಯಾಗಿಗೆ (ಚೆಕ್‌ಪಾಯಿಂಟಿಗೆ ಮುಂಚೆನೇ ಕಳಿಸೋ ಬ್ಯಾಗು) ಹಾಕಿದೀನಿ. ಪಟ್ಟಿ ದಿನಕ್ಕೊಂದು ತೂತು ಸಡಿಲ ಮಾಡ್ಬೇಕು, ಮೂರನೇ ದಿನ ಕೈ ಊದುತ್ತೆ, ಈ ಸಲ ನಂಗೆ ಮಣಿಕಟ್ಟಿನ ಸುತ್ತ ಬಳೆ ಹಾಕಿದ ಹಾಗೆ ಗಾಯ ಆಗಿತ್ತು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಅಂದ್ರೆ ಇನ್ಮೇಲೆ ಮಲಗುವಾಗ ಚಾರ್ಜ್ ಇಲ್ಲ. ಹಗಲಲ್ಲಿ, ಎಚ್ಚರ ಇದ್ದಾಗ, ಉದ್ದದ ಏರು ಸಿಕ್ಕಾಗ ವಾಚ್ ಬಿಚ್ಚಿ ವೆಸ್ಟಿನ ಭುಜದ ಜೇಬಲ್ಲಿಟ್ಟು ಚಾರ್ಜ್, ಅಲ್ಲಿ ಆಕಾಶ ಚೆನ್ನಾಗಿ ಕಾಣೋದ್ರಿಂದ ಜಿಪಿಎಸ್ ಗೆರೆ ಕೆಡಲ್ಲ. ಹಾರ್ಟ್ ರೇಟ್ ಮಾತ್ರ ಆ ಒಂದು ಗಂಟೆ ಇರಲ್ಲ, ಹೋಗ್ಲಿ, ಮೂರನೇ ದಿನ ನನ್ನ ಹಾರ್ಟ್ ರೇಟ್ ನೋಡಿ ಯಾರು ಏನು ಮಾಡ್ಬೇಕು. ಪಾಝ್ ಬಟನ್ ಇಲ್ವೇ ಇಲ್ಲ ಅಂದ್ಕೊಂಡಿದೀನಿ, ನಿದ್ದೆಲಿ ಗೀಚ್ಕೊಂಡ್ರೆ ಗೀಚ್ಕೊಳ್ಳಿ. ಆಟೋ ಪಾಝ್ ಆಫ್, ಬಟನ್ ಲಾಕ್ ಆನ್, ಲ್ಯಾಪ್ ಬೀಪ್ ಆಫ್. ಸ್ಕ್ರೀನ್ ಮೇಲೆ ಮೊದಲು ಆರು ಅಂಕಿ ಇತ್ತು, ಈಗ ಎರಡೇ: ಗಡಿಯಾರದ ಟೈಮ್, ಮುಂದಿನ ಚೆಕ್‌ಪಾಯಿಂಟಿಗೆ ಎಷ್ಟು ದೂರ.

ಮತ್ತೆ ಒಂದು ಚಿಕ್ಕ ಟೇಪ್ ತುಂಡಿನ ಮೇಲೆ "ಮುಂದುವರಿಸು = ಮೇಲಿನ ಬಟನ್" ಅಂತ ಬರೆದು ಪವರ್ ಬ್ಯಾಂಕ್ ಬೆನ್ನಿಗೆ ಅಂಟಿಸಿದೀನಿ. ಕ್ರೂ ಹುಡುಗ ನೋಡಿ ನಕ್ಕ, ಆಮೇಲೆ ಪೆನ್ ಇಸ್ಕೊಂಡು ಕೆಳಗೆ ಅವನೇ ಸೇರಿಸ್ದ: "ನೀನು ಒತ್ಬೇಡ, ನಂಗೆ ಕೊಡು".

ಮುಂದಿನ ವಾರ ರಾತ್ರಿ ಪೂರ್ತಿ ನಡೆದು ಒಂದು ಟ್ರಯಲ್ ಇದೆ, ಹೆಡ್‌ಲ್ಯಾಂಪ್ ಉಪಾಯ ನಡೀತಾ ನಡೀತಾ ಚಳೀಲೂ ನಿಲ್ಲುತ್ತಾ ನೋಡ್ಬೇಕು. ಅಂಕಿ ಬಂದ್ಮೇಲೆ ಹಾಕ್ತೀನಿ.