ಮನೆಯವರ ಲೆಕ್ಕಕ್ಕೆ ಬಾರದ ಮರೆವು

ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ನಡೆದ ಸಮೀಕ್ಷೆಯೊಂದು 1998ರಲ್ಲಿ ಪ್ರಕಟವಾಯಿತು. ಅಲ್ಲಿ 65 ವರ್ಷ ದಾಟಿದವರಲ್ಲಿ ಡಿಮೆನ್ಷಿಯಾ, ಅಂದರೆ ನೆನಪನ್ನೂ ವಿವೇಚನೆಯನ್ನೂ ಕುಗ್ಗಿಸುವ ಮರೆವಿನ ಕಾಯಿಲೆ, ಇದ್ದವರು ನೂರಕ್ಕೆ 1.36 ಮಂದಿ ಮಾತ್ರ. ಜಗತ್ತಿನಲ್ಲಿ ಅಲ್ಲಿಯವರೆಗೆ ವರದಿಯಾಗಿದ್ದ ಅತಿ ಕಡಿಮೆ ಪ್ರಮಾಣಗಳಲ್ಲಿ ಅದೂ ಒಂದು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಬೇರೆಯೇ ಚಿತ್ರ ಕೊಟ್ಟಿತು: 60 ದಾಟಿದ ಭಾರತೀಯರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಈ ಕಾಯಿಲೆ ಇದೆ; ಪೇಟೆಯಲ್ಲಿ ಶೇ 5.3 ಇದ್ದರೆ ಹಳ್ಳಿಯಲ್ಲಿ ಶೇ 8.4, ಗಂಡಸರಲ್ಲಿ ಶೇ 5.8 ಇದ್ದರೆ ಹೆಂಗಸರಲ್ಲಿ ಶೇ 9. ಇಪ್ಪತ್ತೈದು ವರ್ಷಗಳಲ್ಲಿ ಕಾಯಿಲೆ ಇಷ್ಟೊಂದು ಹೆಚ್ಚಿತೆಂದು ನಾನು ನಂಬುವುದಿಲ್ಲ. ಆಯಸ್ಸು ಹೆಚ್ಚಿದ್ದು ನಿಜ, ಸಮೀಕ್ಷೆಯ ಊರುಗಳೂ ಬೇರೆ. ಆದರೆ ಯಾರು, ಯಾರನ್ನು, ಏನೆಂದು ಕೇಳಿದರು ಎಂಬುದರ ಪಾಲೂ ಈ ವ್ಯತ್ಯಾಸದಲ್ಲಿ ಸಾಕಷ್ಟಿದೆ.

ಇದಕ್ಕೆ ಒಳ್ಳೆಯ ಪುರಾವೆ ಒದಗಿಸಿದ್ದು '10/66' ಎಂಬ ಸಂಶೋಧಕರ ಬಳಗ. ರೋಗಿಗಳಲ್ಲಿ ಶೇ 66ರಷ್ಟು ಮಂದಿ ಅಭಿವೃದ್ಧಿಶೀಲ ದೇಶಗಳಲ್ಲಿದ್ದರೂ ಅವರ ಕುರಿತ ಸಂಶೋಧನೆ ಶೇ 10ನ್ನೂ ಮುಟ್ಟುವುದಿಲ್ಲ ಎಂಬ ಅಸಮಾಧಾನವೇ ಆ ಹೆಸರಿನ ಹಿಂದಿದೆ. ಕ್ಯೂಬಾ, ಪೆರು, ಮೆಕ್ಸಿಕೊ, ಚೀನಾ ಮುಂತಾದ ಕಡೆಗಳ ಜೊತೆಗೆ ತಮಿಳುನಾಡಿನ ವೆಲ್ಲೂರು ಭಾಗದ ಹಳ್ಳಿಗಳಲ್ಲೂ ಅವರು ಮನೆಮನೆಗೆ ಹೋದರು. ಅಮೆರಿಕದ ಮನೋವೈದ್ಯರ ಮಾನದಂಡ ಇಟ್ಟು ನೋಡಿದಾಗ ಕ್ಯೂಬಾದಲ್ಲಿ ಶೇ 6.3 ಮಂದಿಗೆ ಡಿಮೆನ್ಷಿಯಾ ಇತ್ತು, ಭಾರತದ ಹಳ್ಳಿಯಲ್ಲಿ ಕೇವಲ ಶೇ 0.3. ಅದೇ ಜನರನ್ನು ಬಳಗವು ತಾನೇ ರೂಪಿಸಿಕೊಂಡ ವಿಧಾನದಿಂದ ಅಳೆದಾಗ ಯಾವ ಊರಿನಲ್ಲೂ ಪ್ರಮಾಣ ಶೇ 5.6ಕ್ಕಿಂತ ಕೆಳಗಿಳಿಯಲಿಲ್ಲ. ಮೊದಲಿನ ಮಾನದಂಡದ ಪ್ರಕಾರ ಮರೆವು ಇದ್ದರಷ್ಟೇ ಸಾಲದು, ಅದರಿಂದ ದಿನನಿತ್ಯದ ಬದುಕು ಕೆಟ್ಟಿದೆ ಎಂದು ಮನೆಯವರು ಹೇಳಬೇಕು. ನಮ್ಮ ಹಳ್ಳಿಗಳ ಮನೆಯವರು ಹಾಗೆ ಹೇಳುವುದೇ ಇಲ್ಲ.

ಏಕೆ ಹೇಳುವುದಿಲ್ಲ ಎಂಬುದು ಮಲೆನಾಡಿನ ಮನೆಗಳನ್ನು ಬಲ್ಲವರಿಗೆ ಹೊಸ ಸಂಗತಿಯಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಬಂಧುಗಳ ಮನೆಯಲ್ಲಿ ದೊಡ್ಡಮ್ಮ ಒಬ್ಬರಿದ್ದರು. ಕೊನೆಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮೇಲೆ ಕುಳಿತರೆಂದರೆ ಎಪ್ಪತ್ತೈದು ದಾಟಿದ ಮೇಲೂ ಅವರ ಕೈಯ ವೇಗ ತಗ್ಗಿರಲಿಲ್ಲ. ಅಡಿಕೆ ಒಂದೇ ಏಟಿಗೆ ಸಿಪ್ಪೆ ಬಿಡುತ್ತಿತ್ತು. ಅದೇ ಜಗುಲಿಯಲ್ಲಿ ಅವರು ನನ್ನನ್ನು "ಯಾವಾಗ ಬಂದೆ ತಂಗಿ?" ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಬುಟ್ಟಿ ತುಂಬುವ ಮೊದಲೇ ಮತ್ತೆ ಅದನ್ನೇ ಕೇಳುತ್ತಿದ್ದರು. ಸಾರಿಗೆ ಎರಡು ಸಲ ಉಪ್ಪು ಬಿದ್ದಾಗ ಎಲ್ಲರೂ ನಕ್ಕರು. ಅಷ್ಟರಲ್ಲಿ ಅಡುಗೆಮನೆ ಸೊಸೆಯ ಕೈಗೆ ಬಂದಿತ್ತು, ಸ್ನಾನಕ್ಕೆ ಹಂಡೆಯ ನೀರು ಹದ ಮಾಡಿ ಕೊಡಲು ಒಬ್ಬರಿದ್ದರು, ಸೀರೆ ತೆಗೆದಿಡಲು ಇನ್ನೊಬ್ಬರು. "ವಯಸ್ಸಾತಲ್ಲ, ಬಿಡು, ಅರಳು ಮರಳು" ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಕೊನೆಗೆ ಮನೆಯಲ್ಲಿ ಗಾಬರಿ ಹುಟ್ಟಿಸಿದ್ದು, ಒಣಗಿದ ಅಡಿಕೆಯನ್ನು ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ಆರಿಸುವಾಗ ಅವರು ಎಲ್ಲವನ್ನೂ ಒಂದೇ ಗುಡ್ಡೆಗೆ ಹಾಕಿದ ದಿನ. ಆ ಕೆಲಸದಲ್ಲಿ ಮಾತ್ರ ಅವರ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ, ತಪ್ಪಿದರೆ ಮಂಡಿಯಲ್ಲಿ ದರವೂ ಬೀಳುತ್ತಿತ್ತು. ಕೈಗೆ ರೂಢಿಯಾದ ಕೆಲಸದ ನೆನಪು ಉಳಿದಿರುವಾಗಲೇ ತೀರ್ಮಾನ ತೆಗೆದುಕೊಳ್ಳುವ ಶಕ್ತಿ ಮೊದಲು ಹೋಗುವುದು ಈ ಕಾಯಿಲೆಯ ಲಕ್ಷಣ. ಬ್ಯಾಂಕಿನ ವ್ಯವಹಾರವನ್ನೂ ಅಡುಗೆಯನ್ನೂ ಒಬ್ಬರೇ ನಿಭಾಯಿಸಿಕೊಂಡು ಬದುಕುವ ಸ್ವೀಡನ್ನಿನ ವೃದ್ಧೆಯ ಎಡವಟ್ಟು ವರ್ಷಗಳ ಮುಂಚೆಯೇ ಹೊರಗೆ ಬರುತ್ತಿತ್ತು. ನಮ್ಮ ಕೂಡುಮನೆ ಅಕ್ಕರೆಯಿಂದಲೇ ಅದನ್ನು ಮುಚ್ಚಿಟ್ಟಿತು.

ಮಲೆನಾಡಿನವರಿಗೆ ಕಾಯಿಲೆಗಳ ಅರಿವಿಲ್ಲ ಎಂದು ಇದರಿಂದ ಯಾರೂ ತಿಳಿಯಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ಬಗ್ಗೆ ಇಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು: ಮಂಗ ಸತ್ತು ಬಿದ್ದರೆ ಆಸ್ಪತ್ರೆಗೆ ಸುದ್ದಿ ಮುಟ್ಟಿಸಬೇಕು, ಕಾಡಿಗೆ ಹೋಗುವಾಗ ಉಣುಗು ಕಚ್ಚದಂತೆ ಎಣ್ಣೆ ಹಚ್ಚಿಕೊಳ್ಳಬೇಕು. ಆ ಕಾಯಿಲೆ ಹೊರಗಿನಿಂದ ಬರುತ್ತದೆ, ಅದಕ್ಕಾಗಿ ಯಾರ ಮನೆಯ ಮಾನವೂ ಹೋಗುವುದಿಲ್ಲ. ಮರೆವಿನ ಕಾಯಿಲೆಯ ಮಾತು ಎತ್ತಿದರೆ ಮಾತ್ರ ಬೆರಳು ನೇರವಾಗಿ ಸೊಸೆಯ ಕಡೆಗೆ ತಿರುಗುತ್ತದೆ. ಅಮೆರಿಕದ ಮಾನವಶಾಸ್ತ್ರಜ್ಞ ಲಾರೆನ್ಸ್ ಕೊಹೆನ್ ವಾರಾಣಸಿಯಲ್ಲಿ ಕಂಡದ್ದೂ ಇದನ್ನೇ. ಮುದುಕರ ಬುದ್ಧಿ ಕೆಟ್ಟರೆ ಮಕ್ಕಳು ಸರಿಯಾಗಿ ಸೇವೆ ಮಾಡಲಿಲ್ಲವೆಂದೇ ಅಲ್ಲಿ ಅರ್ಥ. ಹೀಗಿರುವಾಗ ಸಮೀಕ್ಷೆಯವರು ಬಾಗಿಲಿಗೆ ಬಂದರೆ "ನಮ್ಮನೆಯಲ್ಲಿ ಅಂಥದ್ದೇನೂ ಇಲ್ಲ" ಎಂಬ ಉತ್ತರ ಬರುವುದರಲ್ಲಿ ಆಶ್ಚರ್ಯವೇನಿದೆ?

ಪ್ರಶ್ನೆಪತ್ರಿಕೆಯ ದೋಷ ಇದಕ್ಕೆ ವಿರುದ್ಧ ದಿಕ್ಕಿನದು. ಇವತ್ತಿನ ತಾರೀಕು ಎಷ್ಟು, ನೂರರಿಂದ ಏಳೇಳು ಕಳೆಯುತ್ತ ಬನ್ನಿ, ಒಂದು ವಾಕ್ಯ ಬರೆಯಿರಿ ಎಂದೆಲ್ಲ ಕೇಳುವ ಪರೀಕ್ಷೆಯಲ್ಲಿ ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಆರೋಗ್ಯವಾಗಿದ್ದರೂ ನಪಾಸಾಗುತ್ತಾಳೆ. ಜುಲೈ ತಿಂಗಳೆಂದು ಹೇಳಲಾರದವಳು ಪುನರ್ವಸು ಮಳೆ ಮುಗಿದು ಪುಷ್ಯ ಹಿಡಿಯಿತೆಂದು ತಟ್ಟನೆ ಹೇಳಬಲ್ಲಳು. ಬಲ್ಲಭಗಢದವರು ಈ ತೊಡಕನ್ನು ಅರಿತು ಓದುಬರಹ ಬಾರದವರಿಗಾಗಿ ಹಿಂದಿಯಲ್ಲಿ ಬೇರೆ ಪರೀಕ್ಷೆಯನ್ನೇ ರೂಪಿಸಿಕೊಂಡಿದ್ದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಈಚೆಗೆ ಸಿದ್ಧಪಡಿಸಿದ ಪರೀಕ್ಷಾ ಸಂಪುಟವು ಕನ್ನಡವೂ ಸೇರಿ ಐದು ಭಾಷೆಗಳಲ್ಲಿದೆ.

ಹಾಗೆಂದು ವ್ಯತ್ಯಾಸವೆಲ್ಲ ಅಳತೆಯ ತಪ್ಪೇ ಎನ್ನುವಂತಿಲ್ಲ. ನೈಜೀರಿಯಾದ ಇಬಾದಾನಿನ ಯೊರುಬಾ ಜನರನ್ನೂ ಅಮೆರಿಕದ ಇಂಡಿಯಾನಾಪೊಲಿಸ್‌ನ ಆಫ್ರಿಕನ್ ಮೂಲದವರನ್ನೂ ಒಂದೇ ಕ್ರಮದಲ್ಲಿ ವರ್ಷಗಟ್ಟಲೆ ಗಮನಿಸಿದವರಿಗೆ, ಹೊಸದಾಗಿ ಡಿಮೆನ್ಷಿಯಾ ಬರುವ ಪ್ರಮಾಣ ಅಮೆರಿಕದಲ್ಲಿ ಎರಡು ಪಟ್ಟಿಗೂ ಹೆಚ್ಚು ಕಂಡಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಬ್ಬು, ಕಿವುಡು, ಒಂಟಿತನ, ಓದಿನ ಕೊರತೆ ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ, ಅವು ನಾಡಿನಿಂದ ನಾಡಿಗೆ ಬೇರೆ. ಹಳ್ಳಿಯ ಹೆಂಗಸರಲ್ಲಿ ಪ್ರಮಾಣ ಹೆಚ್ಚಿರುವುದಕ್ಕೆ ಅವರನ್ನು ಶಾಲೆಗೆ ಕಳಿಸದಿದ್ದುದೂ ಒಂದು ಕಾರಣವೆಂದು ತಜ್ಞರು ಹೇಳುತ್ತಾರೆ. ಹೈದರಾಬಾದಿನ 648 ರೋಗಿಗಳ ಅಧ್ಯಯನವೊಂದರಲ್ಲಿ, ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದುಬರಹ ಬಾರದವರಲ್ಲೂ ಆ ಲಾಭ ಇತ್ತು. ಕೊಂಕಣಿ, ಉರ್ದು, ತುಳು, ತಮಿಳು ಮನೆಮಾತಿನವರು ದಿನವಿಡೀ ಕನ್ನಡದಲ್ಲಿ ವ್ಯವಹರಿಸುವ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಇಂಥದೊಂದು ಅಧ್ಯಯನ ನಡೆಯಬೇಕೆಂಬುದು ನನ್ನ ಆಸೆ.

ಬೇಗ ಗುರುತಿಸಿದರೆ ಏನು ಲಾಭ, ಔಷಧವೇ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ಬಿ12 ಕೊರತೆಯಿಂದಲೂ ಥೈರಾಯ್ಡ್ ತೊಂದರೆಯಿಂದಲೂ ಬರುವ ಮರೆವನ್ನು ಚಿಕಿತ್ಸೆಯಿಂದ ಸರಿಪಡಿಸಬಹುದು. ಅದು ತಿಳಿಯಬೇಕಾದರೂ ರಕ್ತಪರೀಕ್ಷೆಯವರೆಗೆ ಹೋಗಲೇಬೇಕು. ಮಕ್ಕಳು ಬೆಂಗಳೂರು ಸೇರಿ ತೋಟದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಉಳಿದಿರುವ ಈ ದಿನಗಳಲ್ಲಿ, ಒಬ್ಬರ ಮರೆವನ್ನು ಇನ್ನೊಬ್ಬರು ತುಂಬಿಕೊಡುತ್ತಿರುತ್ತಾರೆ, ಫೋನಿನಲ್ಲಿ ಮಾತಾಡಿದರೆ ಅದು ತಿಳಿಯುವುದಿಲ್ಲ. ಊರಿಗೆ ಹೋದಾಗ "ಅಮ್ಮನಿಗೆ ಏನಾದರೂ ತೊಂದರೆ ಇದೆಯಾ?" ಎಂದು ಕೇಳಿದರೆ ಇಲ್ಲವೆಂಬ ಉತ್ತರವೇ ಸಿಗುತ್ತದೆ. ಅದರ ಬದಲು, ಐದು ವರ್ಷದ ಹಿಂದೆ ಅಮ್ಮ ಮಾಡುತ್ತಿದ್ದ ಯಾವ ಯಾವ ಕೆಲಸ ಈಗ ಅಪ್ಪನ ಕೈಗೆ ಬಂದಿದೆ, ಯಾವಾಗಿನಿಂದ ಬಂದಿದೆ ಎಂದು ಅಪ್ಪನನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಕೇಳಿ, ಅವರು ಹೇಳಿದ್ದನ್ನು ಬರೆದುಕೊಂಡು ವೈದ್ಯರ ಬಳಿಗೆ ಒಯ್ಯಬಹುದು.